ಬೆರಳೊತ್ತಬಾರದ ಕೋಣೆ

ನಮ್ಮ ಮನೆಯಲ್ಲಿ ದೇವರ ಕೋಣೆಗೆ ಬಾಗಿಲಿಲ್ಲ. ಮಾವಿನ ಕೋಣೆಗೆ ಬಾಗಿಲೂ ಇದೆ, ಚಿಲಕವೂ ಇದೆ, ಚಿಲಕಕ್ಕೆ ಬೀಗವೂ ಇದೆ. ದೇವರನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ನೋಡಬಹುದು. ಹಣ್ಣನ್ನು ನೋಡಬೇಕಾದರೆ ಅವ್ವನ ಅಪ್ಪಣೆ ಆಗಬೇಕು. ಇದರಲ್ಲಿ ದೇವರಿಗೆ ಅಗೌರವವೇನೂ ಇಲ್ಲ. ದೇವರು ಕೊಳೆಯುವುದಿಲ್ಲ, ಹಣ್ಣು ಕೊಳೆಯುತ್ತದೆ, ಅಷ್ಟೆ.

ಊರು ಕೆಲಮಂಗಲಕ್ಕೆ ಹತ್ತಿರ. ಮನೆಯ ಹಿಂದೆ ಸಣ್ಣದೊಂದು ತೋಟ. ಅದರಲ್ಲಿ ಬಹುಪಾಲು ಗಿಣಿಮೂತಿ ಮಾವು. ಅದರ ಕಾಯಿ ಲಾರಿ ಹತ್ತಿ ಕೃಷ್ಣಗಿರಿ ಕಡೆಯ ರಸದ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿಂದ ಮುಂದೆ ಯಾವ ಊರಿನ ಯಾವ ಬಾಟಲಿಯೊಳಗೆ ಸೇರುತ್ತದೆಯೋ ನಾವು ವಿಚಾರಿಸಿಲ್ಲ, ಅದೂ ತಿಳಿಸಿಲ್ಲ. ಮನೆಗೆಂದು ಉಳಿಯುವುದು ಬಾವಿಯ ಪಕ್ಕದ ಮಲಗೋವಾ ಮತ್ತು ಬೇಲಿಯಂಚಿನ ರಸಪೂರಿ. ಇವೆರಡರ ಕಾಯನ್ನು ಕೋಲಿಗೆ ಕಟ್ಟಿದ ಬಲೆಯಲ್ಲಿ ಒಂದೊಂದಾಗಿ ಇಳಿಸಬೇಕು. ತೊಟ್ಟನ್ನು ಕೆಳಮುಖ ಮಾಡಿ ಸೊನೆ ಸೋರಿಸಬೇಕು. ಒಣಬಟ್ಟೆಯಲ್ಲಿ ಒರೆಸಿ, ಭತ್ತದ ಹುಲ್ಲಿನ ಮೇಲೆ ಒಂದಕ್ಕೊಂದು ಸೋಕದ ಹಾಗೆ ಮಲಗಿಸಿ, ಮೇಲೊಂದು ಪದರ ಹುಲ್ಲು ಹರಡಿ, ಗೋಣಿತಾಟು ಹೊದಿಸಬೇಕು. ನನ್ನನ್ನೂ ನನ್ನ ತಮ್ಮನನ್ನೂ ಅವ್ವ ಇಷ್ಟು ಜೋಪಾನವಾಗಿ ಮಲಗಿಸಿದ್ದಳೇ ಎಂಬುದಕ್ಕೆ ಸಾಕ್ಷಿ ಹೇಳುವವರು ಈಗ ಯಾರೂ ಉಳಿದಿಲ್ಲ.

ನಾನು ಕೃಷ್ಣಗಿರಿಯ ಕಚೇರಿಯೊಂದರಲ್ಲಿ ಸಣ್ಣ ಗುಮಾಸ್ತನಾಗಿ ಸೇರಿ, ಅದಕ್ಕಿಂತ ತುಸು ದೊಡ್ಡ ಗುಮಾಸ್ತನಾಗಿ ನಿವೃತ್ತನಾದವನು. ತಮಿಳಿನಲ್ಲಿ ಗದರುವ ಅಧಿಕಾರಿಗಳ ಕೈಕೆಳಗೂ ಇದ್ದೆ, ಇಂಗ್ಲಿಷಿನಲ್ಲಿ ಗದರುವವರ ಕೈಕೆಳಗೂ ಇದ್ದೆ. ಆದರೆ ಅವ್ವ ಆ ಕೋಣೆಯನ್ನು ಆಳಿದ ಹಾಗೆ ಕಚೇರಿಯನ್ನು ಆಳಿದವರನ್ನು ಕಾಣಲಿಲ್ಲ. ಬೆಳಿಗ್ಗೆ ಸ್ನಾನವಾದ ಮೇಲೆ, ಕಾಫಿಗೆ ಮುಂಚೆ, ಅವಳು ಬೀಗ ತೆಗೆದು ಬಾಗಿಲನ್ನು ಅರ್ಧ ತಳ್ಳುತ್ತಿದ್ದಳು. ಒಳಗೆ ಹೋಗುತ್ತಿರಲಿಲ್ಲ. ಹೊಸ್ತಿಲ ಮೇಲೆ ಕಣ್ಣುಮುಚ್ಚಿ ನಿಂತು, ರಾತ್ರಿಯೆಲ್ಲ ಕೋಣೆ ಕಟ್ಟಿಕೊಂಡಿದ್ದ ಗಾಳಿ ಹೊರಗೆ ಬರಲಿ ಎಂದು ಕಾಯುತ್ತಿದ್ದಳು. ಆಮೇಲೆ ತೀರ್ಪು ಬರುತ್ತಿತ್ತು.

"ಕಿಟ್ಕಿ ಕಡೆ ರಸಪೂರಿ ತಿರುಗೈತೆ. ಮಲಗೋವ ಇನ್ನೂ ನಿದ್ದೆಯಾಗೈತೆ."

ಗೋಣಿ ಎತ್ತಿ ನೋಡಿದರೆ ಕಿಟಕಿಯ ಕಡೆ ರಸಪೂರಿ ಹಳದಿಗೆ ತಿರುಗಿಯೇ ಇರುತ್ತಿತ್ತು. ಮೂಗು ಹೇಳಿದ್ದನ್ನು ಕಣ್ಣು ಹೋಗಿ ಪರಿಶೀಲಿಸುವುದು ಬರೀ ಔಪಚಾರಿಕ ಕ್ರಮ.

ಆ ಕೋಣೆಯಲ್ಲಿ ಇದ್ದದ್ದು ಒಂದೇ ದೊಡ್ಡ ಕಾನೂನು. ಹಣ್ಣಾಗಿದೆಯೇ ಎಂದು ನೋಡಲು ಯಾರೂ ಹೆಬ್ಬೆರಳಿನಿಂದ ಒತ್ತಕೂಡದು. ಒತ್ತಿದ ಜಾಗ ಮೊದಲು ಮೆತ್ತಗಾಗುತ್ತದೆ, ಆಮೇಲೆ ಕಪ್ಪಾಗುತ್ತದೆ, ಅಲ್ಲಿಂದ ಕೊಳೆ ಶುರುವಾಗಿ ಪಕ್ಕದ ಹಣ್ಣನ್ನೂ ಹಿಡಿಯುತ್ತದೆ. "ಅದೇನ್ ಬಸ್ಸಿನ ಹಾರನ್ನಾ, ಒತ್ತಿ ನೋಡಕ್ಕೆ?" ಎನ್ನುತ್ತಿದ್ದಳು ಅವ್ವ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ತಿಳಿಯದೆ ಒಂದು ಹಣ್ಣು ಒತ್ತಿದ್ದಕ್ಕೆ ಆ ಬೇಸಿಗೆ ಮುಗಿಯುವ ತನಕ ಕೋಣೆಗೆ ಪ್ರವೇಶ ಸಿಗಲಿಲ್ಲ.

ತಿನ್ನುವುದಕ್ಕೂ ಕ್ರಮವಿತ್ತು. ಯಾವ ಹಣ್ಣು ನಾಳೆಗೆ ಕೆಡುತ್ತದೋ ಅದನ್ನು ಇವತ್ತು ತಿನ್ನಬೇಕು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಇವತ್ತು ಆ ಹಣ್ಣನ್ನು ತಿಂದು ಮುಗಿಸುವಷ್ಟರಲ್ಲಿ, ಇವತ್ತು ಚೆನ್ನಾಗಿದ್ದ ಹಣ್ಣು ನಾಳೆ ಕೆಡುವ ಹಂತಕ್ಕೆ ಬಂದಿರುತ್ತಿತ್ತು. ಹೀಗಾಗಿ ಸ್ವಂತ ತೋಟದವರಾದ ನಾವು ವರ್ಷಗಟ್ಟಲೆ ತಿಂದದ್ದು ಒಂದು ಬದಿ ಕತ್ತರಿಸಿ ತೆಗೆದ ಹಣ್ಣನ್ನೇ. ಒಳ್ಳೊಳ್ಳೆಯವು ನೆಂಟರಿಗೆ. ನೆಂಟರು ಬಾರದಿದ್ದರೆ ಅವೂ ಕ್ರಮಪ್ರಕಾರ ಒಂದು ಬದಿ ಕೆಟ್ಟು ನಮ್ಮ ಪಾಲಿಗೇ ಬರುತ್ತಿದ್ದವು. ತೀರಾ ಮೆತ್ತಗಾದದ್ದನ್ನು ಹಿಂಡಿ, ಬೆಲ್ಲ ಹಾಲು ಸೇರಿಸಿ ಸೀಕರಣೆ ಮಾಡುತ್ತಿದ್ದರು. ಅದಕ್ಕೂ ಮೀರಿದ್ದು ಹಸುವಿಗೆ. ಹಸು ಈ ವ್ಯವಸ್ಥೆಯ ಬಗ್ಗೆ ಯಾವತ್ತೂ ದೂರಿದ್ದಿಲ್ಲ.

ದೂರುತ್ತಿದ್ದವನು ನನ್ನ ತಮ್ಮ. ಅವನು ಹೊಸೂರಿನ ಕಾರ್ಖಾನೆಯಲ್ಲಿದ್ದಾನೆ, ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಎಲ್ಲಿ ನೋಡಿದರೂ ಅವನಿಗೆ ವೇಸ್ಟೇಜ್ ಕಾಣುತ್ತದೆ. ಹೋದ ವರ್ಷ ಅವನು ವಾಷಿಂಗ್ ಮಶೀನು ತಂದ. ಅದನ್ನಿಡಲು ಜಾಗವಿಲ್ಲದೆ ಅದು ಪಡಸಾಲೆಯಲ್ಲಿ, ಕರೆಯದೆ ಬಂದ ಬೀಗರ ಹಾಗೆ, ಮೈತುಂಬ ಬಟ್ಟೆ ಹೊದ್ದು ಕುಳಿತಿತ್ತು. ನಲ್ಲಿ ಹತ್ತಿರವಿರುವ ಕೋಣೆ ಒಂದೇ, ಅದು ಮಾವಿನ ಕೋಣೆ.

"ಅವ್ವ, ಮಾರ್ಕೆಟ್ನಾಗೆ ಪುಡಿ ಪೊಟ್ಟಣ ಸಿಗ್ತದೆ. ಡಬ್ಬದಾಗೆ ಕಾಯಿ ಹಾಕಿ ಒಂದ್ ಪೊಟ್ಟಣ ಇಟ್ರೆ ಸಾಕು, ಒಂದೇ ಸಲಕ್ಕೆ ಎಲ್ಲಾ ಹಣ್ಣಾಗ್ಬುಡ್ತವೆ. ಇಷ್ಟಕ್ಕೆ ಒಂದ್ ಪೂರ್ತಿ ಕೋಣೆ ಯಾಕೆ?"

"ಒಂದೇ ಸಲಕ್ಕೆ ಹಣ್ಣಾದ್ರೆ ಒಂದೇ ಸಲಕ್ಕೆ ತಿಂತೀಯೇನ್ಲಾ? ನಿನ್ ಹೊಟ್ಟೆ ಏನ್ ಲಾರಿಯಾ?"

"ಈ ವಾಸ್ನೆಗೆ ಸಾನಮಾವು ಕಾಡಿಂದ ಆನೆ ಬಂದ್ಬುಟ್ರೆ ಏನ್ ಮಾಡ್ತೀಯಾ?"

"ಬರ್ಲಿ ಬುಡು. ಅದೂ ಮೂಗಲ್ಲೇ ನೋಡ್ತದೆ, ನಿನ್ನಂಗೆ ಒತ್ತಿ ನೋಡಲ್ಲ."

ಮಾತು ಬೆಳೆದು, ಹೋದ ವರ್ಷದ ಕೊನೆಯ ಹಣ್ಣು ಮುಗಿದ ದಿನ ಅವ್ವ ಒಂದು ಮಾತು ಆಡಿಬಿಟ್ಟಳು. "ನನ್ ಕೋಣೆಯಾಗೆ ನಂಗ್ ಗೊತ್ತಾಗ್ದಂಗೆ ಹಣ್ಣು ಕೊಳೆತ ವರ್ಸ ನೀನೇ ಬೀಗ ಇಸ್ಕೊಳ್ಳಲಾ. ನಿನ್ ಮಶೀನ್ ತಂದ್ ಮಲಗ್ಸು." ತಮ್ಮ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡ. ಅವ್ವನೂ ಮರೆಯಲಿಲ್ಲ. ನಮ್ಮ ಮನೆಯಲ್ಲಿ ಅವಳದೆಂದು ಉಳಿದ ಅಧಿಕಾರ ಅದೊಂದೇ. ಅಡುಗೆ ನನ್ನ ಹೆಂಡತಿಯ ಕೈಗೆ ಬಂದು ಬಹಳ ಕಾಲವಾಯಿತು, ಹಸು ನನ್ನ ಕೈಗೆ, ವ್ಯವಹಾರ ತಮ್ಮನ ಕೈಗೆ. ಬೀಗದ ಕೈ ಮಾತ್ರ ಅವ್ವನ ಸೊಂಟದಲ್ಲಿ.

ಈ ವರ್ಷ ಚಳಿಯಲ್ಲಿ ಅವ್ವನಿಗೆ ಜ್ವರ ಬಂತು. ಡಾಕ್ಟರಿಗೆ ತೋರಿಸಿ ಮಾತ್ರೆ ನುಂಗಿಸಿದ ಮೇಲೆ ವಾಸಿಯಾಯಿತು. ಆಮೇಲೆ ಊಟ ಕಡಿಮೆಯಾಯಿತು, ವಯಸ್ಸು ಎಂದುಕೊಂಡೆವು. ಸಾರಿಗೆ ರುಚಿಯಿಲ್ಲ ಎಂದಳು. ಅದು ಅತ್ತೆಯಾದವಳು ಹೇಳತಕ್ಕ ಮಾತೇ ಆದ್ದರಿಂದ ಯಾರೂ ಗಮನಕ್ಕೆ ತಂದುಕೊಳ್ಳಲಿಲ್ಲ.

ಮಾವಿನ ಕಾಲ ಬಂತು. ಕಾಯಿ ಇಳಿಯಿತು, ಹುಲ್ಲು ಹಾಸಿದ್ದಾಯಿತು, ಗೋಣಿ ಮುಚ್ಚಿದ್ದಾಯಿತು. ಅವ್ವ ಎಂದಿನಂತೆ ಹೊಸ್ತಿಲ ಮೇಲೆ ಕಣ್ಣುಮುಚ್ಚಿ ನಿಂತಳು. ಆದರೆ ತೀರ್ಪುಗಳು ಎಂದಿನಂತೆ ಇರಲಿಲ್ಲ. "ನೋಡಾಣ," ಎನ್ನುತ್ತಿದ್ದಳು. "ನಾಳೆ ಬರ್ಲಿ," ಎನ್ನುತ್ತಿದ್ದಳು. ಇವು ನಮ್ಮ ಕಚೇರಿಯಲ್ಲಿ ಧಾರಾಳವಾಗಿ ಬಳಕೆಯಲ್ಲಿದ್ದ ಮಾತುಗಳು. ಆ ಹೊಸ್ತಿಲಲ್ಲಿ ನಾನು ಅವನ್ನು ಹಿಂದೆ ಕೇಳಿರಲಿಲ್ಲ.

ಆ ವಾರವೇ ಅಪರಾಧ ಬೆಳಕಿಗೆ ಬಂತು. ಹೆಂಡತಿ ಗೋಣಿ ಎತ್ತಿದಾಗ ಒಂದು ಮಲಗೋವಾ ಹಣ್ಣಿನ ಮೇಲೆ ಹೆಬ್ಬೆರಳಿನ ಗುಳಿ. ಪಕ್ಕದ್ದರ ಮೇಲೂ ಒಂದು. ರಸಪೂರಿ ಸಾಲಿನಲ್ಲಿ ಇನ್ನಷ್ಟು. ಕೆಲವು ಆಗಲೇ ಕಪ್ಪಾಗತೊಡಗಿದ್ದವು.

ಮನೆಯವರೆಲ್ಲ ಸೇರಿದೆವು. ಅವ್ವ ಕಂಬಕ್ಕೊರಗಿ ಕುಳಿತಳು. ವಿಚಾರಣೆ ಎಂದಮೇಲೆ ನಿಂತೇ ಇರಬೇಕೆಂಬ ಹಳೆಯ ಅಭ್ಯಾಸದಿಂದ ನಾನು ನಿಂತೇ ಇದ್ದೆ.

"ಯಾವನ್ಲಾ ಒತ್ತಿದ್ದು?" ಎಂದಳು ಅವ್ವ.

"ನಾನ್ಯಾಕ್ ಒತ್ಲವ್ವಾ? ನಾನ್ ಬರೋದೇ ಶಿಫ್ಟ್ ಮುಗಿಸ್ಕೊಂಡು. ಬೀಗ ನಿನ್ ಹತ್ರನೇ ಇರ್ತದೆ," ಎಂದ ತಮ್ಮ.

"ಅಣ್ಣಂಗೆ ರಿಟೈರ್ ಆದ್ಮೇಲೆ ಕೈಗೆ ಕೆಲ್ಸ ಇಲ್ಲ, ಏನೋ ಒಂದ್ ಒತ್ತಾ ಇರ್ತಾನೆ," ಎಂದೂ ಸೇರಿಸಿದ.

ಎಲ್ಲರೂ ನನ್ನ ಹೆಬ್ಬೆರಳನ್ನು ನೋಡಿದರು. ನಾನೂ ನೋಡಿಕೊಂಡೆ. ಜೀವಮಾನವಿಡೀ ಕಡತದ ಹಾಳೆ ತಿರುವಿದ್ದು ಬಿಟ್ಟರೆ ಆ ಬೆರಳಿನ ಮೇಲೆ ಯಾವ ಕಳಂಕವೂ ಇರಲಿಲ್ಲ. ಹಾಗೆಂದು ನಿವೇದಿಸಿಕೊಂಡೆ. ಅವ್ವ ಹೆಚ್ಚು ಕೆದಕಲಿಲ್ಲ. "ಇನ್ಮೇಲೆ ಒತ್ತಿದೋರ್ ಕೈ ಮುರೀತೀನಿ," ಎಂದಷ್ಟೇ ಹೇಳಿ ಸಭೆಯನ್ನು ಬರಖಾಸ್ತು ಮಾಡಿದಳು. ಇಷ್ಟು ಬೇಗ ಮುಗಿದ ವಿಚಾರಣೆಯನ್ನು ನಾನು ಅವಳಿಂದ ನಿರೀಕ್ಷಿಸಿರಲಿಲ್ಲ.

ಗುಳಿ ಬಿದ್ದ ಹಣ್ಣನ್ನೆಲ್ಲ ಹಿಂಡಿ ಅವ್ವನೇ ಸೀಕರಣೆ ಮಾಡಿದಳು. ಒಂದು ತುತ್ತಿಗೆ ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟು ಏಲಕ್ಕಿ. ಮಾವಿನ ರಸದಲ್ಲಿ ಏಲಕ್ಕಿ ಹಾಕಿದ್ದಲ್ಲ, ಏಲಕ್ಕಿಯಲ್ಲಿ ಮಾವಿನ ರಸ ಹಾಕಿದ ಹಾಗಿತ್ತು. ಅವ್ವ ಮಾತ್ರ ಬಟ್ಟಲು ಖಾಲಿ ಮಾಡಿ, "ಈ ವರ್ಸದ ಹಣ್ಣು ಬರೀ ಸಕ್ರೆ ತಿಂದಂಗೈತೆ, ಮಾವೇ ಇಲ್ಲ ಅದ್ರಾಗೆ," ಎಂದಳು. ನಾನು ಅದನ್ನು ಮಳೆಯ ತಲೆಗೆ ಕಟ್ಟಿದೆ. ಮಳೆ ಪಾಪ, ಏನು ಹೇಳಿದರೂ ಹೊತ್ತುಕೊಳ್ಳುತ್ತದೆ.

ಅದಾದ ಎರಡು ದಿನಕ್ಕೆ ಸಂಜೆ ತಮ್ಮ ಕೆಲಸದಿಂದ ಬಂದವನು ಅಂಗಳದಲ್ಲೇ ನಿಂತುಬಿಟ್ಟ.

"ಏನಿದು, ಹೆಂಡದಂಗಡಿ ವಾಸ್ನೆ?"

ಅವ್ವ ಮಾವಿನ ಕೋಣೆಯ ಬಾಗಿಲಿಗೇ ಬೆನ್ನು ಕೊಟ್ಟು ಕುಳಿತು ಅವರೆಕಾಳು ಆರಿಸುತ್ತಿದ್ದಳು. ತಲೆಯೆತ್ತಿ, "ಎಲ್ಲಿ?" ಎಂದಳು.

ನನಗೂ ಬಡಿಯುತ್ತಿತ್ತು ಆ ವಾಸನೆ. ಬೀಗ ತೆಗೆಸಿ ಹುಲ್ಲು ಸರಿಸಿದರೆ, ಮೂಲೆಯಲ್ಲಿ ಒಂದು ರಸಪೂರಿ ಪೂರ್ತಿ ಹುದುಗಿ, ಒಡೆದು, ನೊರೆ ಬಂದು ಕುಳಿತಿತ್ತು. ನೊಣಗಳಿಗೆ ಅಲ್ಲಿ ಮದುವೆ ಮನೆಯ ಸಂಭ್ರಮ.

"ಅವ್ವ, ಮಾತು ಅಂದ್ರೆ ಮಾತು," ಎಂದ ತಮ್ಮ. ಅವನು ಕೆಟ್ಟವನಲ್ಲ. ಅವ್ವನ ಮುಖ ನೋಡಿ ತಾನೇ ಸ್ವಲ್ಪ ಇಳಿದ. "ಒಂದು ಹಣ್ಣು ಅಂತ ಬುಟ್ಬುಡ್ತೀನಿ. ಭಾನುವಾರ ನಾನೇ ಗೋಣಿ ಎತ್ತಿ ನೋಡ್ತೀನಿ. ಅವತ್ತು ಇನ್ನೊಂದು ಹಿಂಗ್ ಸಿಕ್ತು ಅಂದ್ರೆ ಬೀಗ ನಂಗೆ."

ಅವ್ವ ಮತ್ತೆ ಕಾಳು ಆರಿಸತೊಡಗಿದಳು. ತಮ್ಮನಿಗೆ ಉತ್ತರ ಕೊಡದೆ ಅವ್ವ ಸುಮ್ಮನಾದದ್ದನ್ನು ನೋಡಿ ನನಗೆ ಆ ಹೆಂಡದ ವಾಸನೆಗಿಂತ ಹೆಚ್ಚು ಕಸಿವಿಸಿಯಾಯಿತು.

ಮರುದಿನ ಒಗೆಯುವ ಕಲ್ಲಿನ ಹತ್ತಿರ ಹೆಂಡತಿ ನನ್ನನ್ನು ಕರೆದು, ಹಿಂಡುತ್ತಿದ್ದ ಸೀರೆಯ ಒಂದು ತುದಿಯನ್ನು ಕೈಗೆ ಕೊಟ್ಟಳು. ಗುಟ್ಟು ಹೇಳುವುದಿದ್ದರೆ ಅವಳು ಹೀಗೆ ಕೆಲಸ ಕೊಟ್ಟೇ ಹೇಳುವುದು.

"ಅತ್ತೆಮ್ಮಂಗೆ ವಾಸ್ನೆ ಗೊತ್ತಾಗ್ತಿಲ್ಲ."

"ಅಂದ್ರೆ?"

"ಅಂದ್ರೆ ಗೊತ್ತಾಗ್ತಿಲ್ಲ. ಬಾಗ್ಲಿಗೇ ಒರಗ್ಕೊಂಡ್ ಕೂತಿದ್ರು, ಬೀದಿಯಾಗ್ ಹೋಗೋರ್ಗೆ ತಾಕೋ ವಾಸ್ನೆ, 'ಎಲ್ಲಿ' ಅಂತಾರೆ. ಜ್ವರ ಬಂದೋದಾಗಿಂದ್ಲೇ ಹಿಂಗೆ. ಮೊನ್ನೆ ಏಲಕ್ಕಿ ನೋಡಿದ್ರಲ್ಲ?"

"ಹಂಗಾದ್ರೆ ಆ ಬೆರಳಿನ ಗುರುತು…"

"ಇನ್ಯಾರ್ದು? ಮೂಗು ಹೇಳ್ದಿದ್ರೆ ಬೆರಳನ್ನಲ್ವಾ ಕೇಳ್ಬೇಕು?"

ಸೀರೆಯ ತುದಿ ಹಿಡಿದು ನಿಂತೆ. ಕಾನೂನು ಮಾಡಿದವಳೇ, ಯಾರೂ ನೋಡದಾಗ, ಗೋಣಿಯ ಕೆಳಗೆ ಕೈಯಿಟ್ಟು ಒಂದೊಂದೇ ಹಣ್ಣನ್ನು ಒತ್ತಿ ನೋಡುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ನಗುವುದಕ್ಕೆ ಹೊರಟ ಬಾಯಿ ಹಾಗೇ ನಿಂತಿತು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ, ತಮ್ಮನಿಗೂ ವಿಷಯ ತಿಳಿಸೋಣ, ಎಲ್ಲರೂ ಕೂತು ಮಾತಾಡಿ ಒಂದು ತೀರ್ಮಾನಕ್ಕೆ ಬರೋಣ ಎಂದೆ.

"ನೀವ್ ತೀರ್ಮಾನಕ್ಕೆ ಬರೋ ಹೊತ್ಗೆ ಮಾವಿನ ಕಾಲ ಮುಗ್ದೋಗಿರ್ತದೆ," ಎಂದಳು ಹೆಂಡತಿ. "ಡಾಕ್ಟ್ರ ಹತ್ರ ಆಮೇಲ್ ಹೋಗಾಣ. ಈಗ ನಾಲ್ಕ್ ಜನದ ಮುಂದೆ ಹೇಳಿದ್ರೆ ಅವರು ಬೀಗ ಬಿಸಾಕಿ ಮಲಗ್ಬುಡ್ತಾರೆ. ನೀವ್ ಸುಮ್ಕಿರಿ. ಅದ್ರಲ್ ನಿಮ್ಗೆ ಅಭ್ಯಾಸ ಐತಲ್ಲ."

ಸುಮ್ಮನಿದ್ದೆ.

ಮರುದಿನ ಬೆಳಿಗ್ಗೆ ಅವ್ವ ಬೀಗ ತೆಗೆದು ಬಾಗಿಲು ತಳ್ಳಿ ಕಣ್ಣುಮುಚ್ಚಿದಳು. ಹೆಂಡತಿ ಪೊರಕೆ ಹಿಡಿದು, ಅಲ್ಲಿ ಗುಡಿಸುವುದಕ್ಕೆ ಏನೂ ಇಲ್ಲದಿದ್ದರೂ ಗುಡಿಸುತ್ತ, ಅವ್ವನ ಬೆನ್ನ ಹಿಂದೆ ಬಂದು ನಿಂತಳು.

"ಅಯ್ಯ, ಅತ್ತೆಮ್ಮ! ಆ ಗೋಡೆ ಕಡೆಯಿಂದ ಏನ್ ಗಮ್ಮಂತೈತೆ ಇವತ್ತು!"

ಅವ್ವ ಕಣ್ಣು ಬಿಡಲಿಲ್ಲ.

"ನಂಗೇನ್ ಗೊತ್ತಾಗಲ್ವೇನಮ್ಮಿ? ಅದ್ನೇ ಯೇಳಾಣ ಅಂತ ಬಾಯ್ ತೆಗ್ದೆ, ನೀನ್ ಮುಂದ್ಕ್ ಬಂದೆ," ಎಂದಳು. ನೇರವಾಗಿ ಗೋಡೆಯ ಕಡೆಗೆ ಹೋಗಿ ಗೋಣಿ ಎತ್ತಿ, ಹಳದಿಗೆ ತಿರುಗಿದ್ದ ರಸಪೂರಿಗಳನ್ನು ಆರಿಸಿ ಬುಟ್ಟಿಗೆ ಹಾಕಿದಳು.

ಮರುದಿನ ಹೆಂಡತಿ ಕಾಫಿ ಲೋಟ ಹಿಡಿದು ಬಂದು, "ಮೂಲೆಯಾಗ್ ಒಂಚೂರ್ ಹುಳಿ ವಾಸ್ನೆ ಬಂದಂಗೈತೆ, ನನ್ ಮೂಗಿಗೆ ಏನಾಗೈತೋ," ಎಂದಳು. ಅವ್ವ, "ನಿನ್ ಮೂಗಿಗೇನಾಗಿಲ್ಲ, ಅಲ್ಲೊಂದು ಕೆಡ್ತಾ ಐತೆ," ಎಂದು ಹೋಗಿ ಅದನ್ನು ತೆಗೆದಳು. ಅದರ ಮರುದಿನ ಹೆಂಡತಿ ಏನೂ ಹಿಡಿಯದೆ ಬರಿಗೈಯಲ್ಲೇ ಬಂದಳು. ಯಾರೂ ಅದನ್ನು ಪ್ರಶ್ನಿಸಲಿಲ್ಲ. ಹಣ್ಣುಗಳ ಮೇಲೆ ಹೊಸ ಗುಳಿ ಬೀಳುವುದು ನಿಂತಿತು. ನಾನು ದೂರದಲ್ಲಿ ಪೇಪರು ಓದುವವನಂತೆ ಕುಳಿತು ಈ ರಾಜ್ಯಭಾರವನ್ನು ನೋಡುತ್ತಿದ್ದೆ. ಒಂದೇ ಸುದ್ದಿಯನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಭಾನುವಾರ ತಮ್ಮ ಅಳತೆ ಟೇಪು ಹಿಡಿದೇ ಬಂದ. ಮಶೀನು ಬಾಗಿಲಲ್ಲಿ ಹಿಡಿಸುತ್ತದೆಯೇ ಎಂದು ನೋಡಿದ, ಹಿಡಿಸುತ್ತಿತ್ತು. ಆಮೇಲೆ ಒಂದೊಂದೇ ಗೋಣಿ ಎತ್ತಿದ, ಹುಲ್ಲು ಸರಿಸಿದ, ಮೂಲೆಗೆ ಟಾರ್ಚು ಬಿಟ್ಟ. ಅವ್ವ ಹೊಸ್ತಿಲಾಚೆ ಗೋಡೆ ಹಿಡಿದು ನಿಂತಿದ್ದಳು. ಸೊಂಟದ ಬೀಗದ ಕೈಯನ್ನು ಇನ್ನೊಂದು ಕೈ ಮುಚ್ಚಿಕೊಂಡಿತ್ತು. ಹೆಂಡತಿ ಒಲೆಯ ಮೇಲೆ ಏನೂ ಇಲ್ಲದೆಯೂ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿದ್ದಳು. ಸರ್ಕಾರಿ ತಪಾಸಣೆಗಳನ್ನು ನಾನು ಬಹಳ ಕಂಡಿದ್ದೇನೆ, ಅವುಗಳಲ್ಲಿ ತಪಾಸಣೆಗಿಂತ ಊಟ ಹೆಚ್ಚು. ಇಲ್ಲಿ ತಪಾಸಣೆ ನಿಜವಾದ್ದೇ ಆಗಿತ್ತು. ತಮ್ಮ ಗೋಡೆಯ ಕೊನೆಯ ಸಾಲಿನ ತನಕ ಹೋದ. ಒಂದು ಹಣ್ಣೂ ಕೆಟ್ಟಿರಲಿಲ್ಲ.

"ಸರಿ," ಎಂದ. ಟೇಪು ಸರ್ರೆಂದು ಒಳಗೆ ಸುತ್ತಿಕೊಂಡಿತು.

"ಏನ್ ಸರಿ? ಕೂತ್ಕೊ," ಎಂದಳು ಅವ್ವ. ಒಂದು ಮಲಗೋವಾ ತೆಗೆದು, ತೊಳೆದು, ತಾನೇ ಹೆಚ್ಚಿ ತಟ್ಟೆಯಲ್ಲಿಟ್ಟು ಕೊಟ್ಟಳು. ಒಂದು ಬದಿಯೂ ಕೆಡದ ಪೂರ್ತಿ ಹಣ್ಣು. ನಮ್ಮ ಮನೆಯವನೊಬ್ಬನಿಗೆ ಇಂಥದ್ದು ಸಿಕ್ಕಿದ್ದನ್ನು ನಾನು ಮೊದಲ ಸಲ ನೋಡಿದೆ. ತಮ್ಮ ಹೋಳೆಲ್ಲ ತಿಂದ. ಓಟೆಯನ್ನೂ ಬಿಡದೆ ಚೀಪಿದ. ಮೊಣಕೈ ತನಕ ರಸ ಇಳಿಯಿತು.

"ಪರ್ವಾಗಿಲ್ಲ," ಎಂದ.

"ಪರ್ವಾಗಿಲ್ವಾ? ಹಂಗಾರೆ ತಟ್ಟೆ ಇಲ್ ಕೊಡ್ಲಾ."

ತಮ್ಮ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಂದಿನಿಂದ ಪುಡಿ ಪೊಟ್ಟಣದ ಮಾತು ಬರಲಿಲ್ಲ. ಮಶೀನು ಹಿತ್ತಲ ಕಡೆಯ ಜಗಲಿಯಲ್ಲಿ, ಮೇಲೊಂದು ತಗಡು ಹಾಕಿಸಿಕೊಂಡು, ಖಾಯಂ ಆಯಿತು.

ಸೋಮವಾರ ಬೆಳಿಗ್ಗೆ ಅವ್ವ ಬಾಗಿಲು ತಳ್ಳಿ ಹೊಸ್ತಿಲ ಮೇಲೆ ನಿಂತಳು. ಹೆಂಡತಿ ಹಿಂದೆ ಬಂದು ಬಾಯಿ ತೆರೆಯುವುದರೊಳಗೆ ಅವ್ವನೇ, ತಿರುಗದೆ, ಹೇಳಿದಳು.

"ಬರೀ ಗಮ್ಮಂತೈತೆ ಅಂತ ಯೇಳಿ ನಿಲ್ಲಿಸ್ಬ್ಯಾಡ ಕಣಮ್ಮಿ. ಎಂಗ್ ಗಮ್ಮಂತೈತೆ, ಬುಡಿಸಿ ಯೇಳು."

ನನ್ನ ಕೈಯ ಪೇಪರು ತೊಡೆಯ ಮೇಲೆ ಇಳಿಯಿತು.

"ಜ್ವರ ಬಂದೋದ್ಮೇಲೆ ನಂಗ್ ಏನೂ ತಾಕ್ತಿಲ್ಲ. ಅದು ನಿಂಗ್ ಗೊತ್ತೈತೆ. ನಿಂಗ್ ಗೊತ್ತಿರೋದು ನಂಗೂ ಗೊತ್ತೈತೆ. ಯೇಳು ಈಗ. ಮಲಗೋವ ಎಂಗೈತೆ?"

ನನ್ನ ಹೆಂಡತಿ ಮಾತಿನಲ್ಲಿ ಜುಗ್ಗಿ. ವಾಸನೆಯನ್ನು ವರ್ಣಿಸಬೇಕಾದ ಸಂದರ್ಭ ಅವಳಿಗೆ ಹಿಂದೆ ಬಂದಿರಲಿಲ್ಲ. ಉಸಿರು ಎಳೆದುಕೊಂಡಳು. "ತುಪ್ಪ ಕಾಯ್ಸಿ ಇಳ್ಸಿದ್ಮೇಲೆ ಒಂದ್ ವಾಸ್ನೆ ಬರ್ತದಲ್ಲ ಅತ್ತೆಮ್ಮ… ಅಂಥದ್ದು. ಅದ್ರ ಹಿಂದೆ… ಜೇನುಹುಟ್ಟು ಹಿಂಡ್ದಂಗೆ."

"ತೊಟ್ಟಿನ ಹತ್ರ ಮೂಗಿಟ್ ನೋಡು. ಸೊನೆ ವಾಸ್ನೆ ಇನ್ನೂ ಐತಾ?"

ಹೆಂಡತಿ ಒಳಗೆ ಹೋಗಿ ಹುಲ್ಲಿನ ಮೇಲೆ ಮಂಡಿಯೂರಿ, ಗೋಣಿ ಸರಿಸಿ, ಒಂದು ಹಣ್ಣಿನ ತೊಟ್ಟಿಗೆ ಮೂಗು ತಾಗಿಸಿದಳು. "ಇಲ್ಲ… ಐತೆ. ಚೂರೇ ಚೂರು."

"ಹಂಗಾರೆ ಮುಟ್ಬ್ಯಾಡ. ತುಪ್ಪ ಬಂದೈತೆ, ಸೊನೆ ಹೋಗಿಲ್ಲ ಅಂದ್ರೆ ಇನ್ನೊಂದ್ ದಿನ ಬೇಕು. ರಸಪೂರಿ?"

"ರಸಪೂರಿ ಜೋರಾಗೈತೆ. ಹೂವಿನಂಗಡಿ ಮುಂದೆ ನಿಂತಂಗೆ."

"ಅದ್ನ ಇವತ್ತೇ ತೆಗಿ. ಬಾಗ್ಲು ಕಡೆಯೋವು?"

ಒಬ್ಬಳು ಕೇಳುತ್ತ, ಒಬ್ಬಳು ಮೂಸುತ್ತ ಕೋಣೆಯನ್ನು ಪೂರ್ತಿ ಒಂದು ಸುತ್ತು ಬಂದರು. ಹೆಂಡತಿ ತಪ್ಪು ಹಣ್ಣಿಗೆ ಕೈ ಹಾಕಿದಾಗ ಅವ್ವ ಗದರಿದಳು. ಅವ್ವ ಅವಸರ ಮಾಡಿದಾಗ ಹೆಂಡತಿ "ಇರಿ ಅತ್ತೆಮ್ಮ, ಮೂಗಿಗೂ ಹೊತ್ತು ಬೇಕು," ಎಂದಳು. ಬುಟ್ಟಿ ತುಂಬಿತು. ಹೆಂಡತಿ ಸೆರಗು ಕೊಡವಿಕೊಂಡು ಎದ್ದಳು. ಬಾಗಿಲು ಹಾಕುವ ಹೊತ್ತಾಗಿತ್ತು, ಅವ್ವ ಮಾತ್ರ ಬೀಗದ ಕೈ ಸೊಂಟದಿಂದ ತೆಗೆಯಲಿಲ್ಲ. ಗೋಡೆಗೊರಗಿ ಮತ್ತೆ ಕಣ್ಣುಮುಚ್ಚಿದಳು.

"ಆ ಮಲಗೋವದ್ದು ಇನ್ನೊಂದ್ ಸಲ ಯೇಳಮ್ಮಿ," ಎಂದಳು. "ತೆಗಿಯಕ್ಕಲ್ಲ. ಸುಮ್ಕೆ ಯೇಳು."

ಹೆಂಡತಿ ಬುಟ್ಟಿಯನ್ನು ಕೆಳಗಿಟ್ಟು, ಅವ್ವನ ಪಕ್ಕದಲ್ಲಿ ನಿಂತು, ಈ ಸಲ ಸ್ವಲ್ಪ ನಿಧಾನವಾಗಿ, ಹೇಳತೊಡಗಿದಳು.